ಆಪಲ್ 2 ಗಣಕದ ಮೋಡೆಮ್ ಕಾರ್ಡು: ಸ್ವರೂಪ ಮತ್ತು ಗುರುತಿಸುವಿಕೆ

ಗಣಕದೊಳಗಿನ ಸ್ಲಾಟಿನಲ್ಲಿ ಕೂರುವ, ಗಣಕದ ಅಂಕೀಯ ಸಂಕೇತಗಳನ್ನು ದೂರವಾಣಿ ತಂತಿಯಲ್ಲಿ ಸಾಗಬಲ್ಲ ಸ್ವರಗಳನ್ನಾಗಿಯೂ ಆ ತಂತಿಯಿಂದ ಬಂದ ಸ್ವರಗಳನ್ನು ಮರಳಿ ಅಂಕೀಯ ಸಂಕೇತಗಳನ್ನಾಗಿಯೂ ಮಾರ್ಪಡಿಸುವ ಸರ್ಕ್ಯೂಟ್ ಬೋರ್ಡಿಗೆ ಮೋಡೆಮ್ ಕಾರ್ಡು ಎಂದು ಹೆಸರು. 1977ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ 2 ಗಣಕಕ್ಕೂ ಅದರ ಮುಂದಿನ ಮಾದರಿಗಳಿಗೂ ಅಮೆರಿಕದ ಹಲವು ಸಂಸ್ಥೆಗಳು ಇಂಥ ಕಾರ್ಡುಗಳನ್ನು ತಯಾರಿಸಿದವು. ಅವುಗಳ ಪೆಟ್ಟಿಗೆ, ಕೈಪಿಡಿ, ತಂತಿ ಮತ್ತು ಡಿಸ್ಕುಗಳು ಕಾಲಕ್ರಮದಲ್ಲಿ ಬೇರೆಯಾಗಿ ಹೋಗಿ, ಇಂದು ಸಂಗ್ರಾಹಕರ ಕೈಗೆ ಬರುವುದು ಹೆಚ್ಚಾಗಿ ಬರಿಯ ಹಲಗೆ ಮಾತ್ರ. ಅದರ ಮೇಲೆ ತಯಾರಕರ ಹೆಸರು ಇಲ್ಲದಿರಬಹುದು, ಇದ್ದರೂ ಅದು ಒಳಗಿನ ಒಂದು ಬಿಡಿಭಾಗವನ್ನು ಮಾಡಿದವರ ಹೆಸರಾಗಿರಬಹುದು. ಆದ್ದರಿಂದ ಹಳೆಯ ಮೋಡೆಮ್ ಕಾರ್ಡನ್ನು ಗುರುತಿಸುವ ಕೆಲಸವು ಯಾವುದೋ ಒಂದು ಅಚ್ಚಾದ ಹೆಸರನ್ನು ನಂಬಿ ನಡೆಯುವಂಥದ್ದಲ್ಲ. ಅಂಚಿನ ಸಂಪರ್ಕ, ದೂರವಾಣಿ ಭಾಗ, ಚಿಪ್‌ಗಳು, ನೋಂದಣಿ ಸಂಖ್ಯೆ ಮತ್ತು ರೋಮ್‌ನಲ್ಲಿರುವ ಕ್ರಮವಿಧಿ ಎಂಬ ಐದು ಬಗೆಯ ಸಾಕ್ಷ್ಯಗಳು ಒಂದನ್ನೊಂದು ಸಮರ್ಥಿಸಿದಾಗ ಮಾತ್ರ ಅದು ಖಚಿತವಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಅಮೆರಿಕದಲ್ಲಿ 1960ರ ದಶಕದ ಕೊನೆಯವರೆಗೆ ದೂರವಾಣಿ ಜಾಲಕ್ಕೆ ದೂರವಾಣಿ ಸಂಸ್ಥೆಯದೇ ಆದ ಉಪಕರಣಗಳನ್ನಲ್ಲದೆ ಬೇರೆ ಯಾವುದನ್ನೂ ಜೋಡಿಸುವಂತಿರಲಿಲ್ಲ. 1968ರಲ್ಲಿ ಅಲ್ಲಿನ ಕೇಂದ್ರೀಯ ಸಂವಹನ ಆಯೋಗವು ಕಾರ್ಟರ್‌ಫೋನ್ ಪ್ರಕರಣದಲ್ಲಿ ನೀಡಿದ ತೀರ್ಪು ಈ ಏಕಸ್ವಾಮ್ಯವನ್ನು ಸಡಿಲಿಸಿತು. ಮುಂದೆ 1970ರ ದಶಕದಲ್ಲಿ ಆಯೋಗದ ನಿಯಮಾವಳಿಯ 68ನೆಯ ಭಾಗವು ರೂಪುಗೊಂಡು, ನೋಂದಣಿ ಪಡೆದ ಯಾವುದೇ ಸಂಸ್ಥೆಯ ಉಪಕರಣವನ್ನು ತಂತಿಗೆ ನೇರವಾಗಿ ಸೇರಿಸಲು ಅವಕಾಶ ದೊರೆಯಿತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಸಾಮಾನ್ಯ ಉಪಾಯವೆಂದರೆ ಶ್ರಾವ್ಯ ಸಂಯೋಜಕ, ಅಂದರೆ ದೂರವಾಣಿಯ ರಿಸೀವರನ್ನು ಎರಡು ರಬ್ಬರು ಬಟ್ಟಲುಗಳ ಮೇಲೆ ಮಲಗಿಸಿ, ಸ್ವರವನ್ನು ಗಾಳಿಯ ಮೂಲಕವೇ ದಾಟಿಸುವ ಸಾಧನ.

1977ರಲ್ಲಿ ಜಾರ್ಜಿಯ ರಾಜ್ಯದ ಅಟ್ಲಾಂಟದಲ್ಲಿ ಡೆನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಸ್-100 ಬಗೆಯ ಗಣಕಗಳಿಗಾಗಿ 80-103ಎ ಎಂಬ ಮೋಡೆಮ್ ಕಾರ್ಡನ್ನು ತಯಾರಿಸಿ ಮಾರತೊಡಗಿದರು. ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರ‍್ಯಾಂಡಿ ಸೂಸ್ 1978ರ ಫೆಬ್ರುವರಿಯಲ್ಲಿ ಷಿಕಾಗೋದಲ್ಲಿ ಆರಂಭಿಸಿದ, ಮೊದಲ ಸಾರ್ವಜನಿಕ ಗಣಕೀಕೃತ ಸೂಚನಾ ಫಲಕವೆಂದು ಪ್ರಸಿದ್ಧವಾದ ಸಿಬಿಬಿಎಸ್ ಸೇವೆಯೂ ಹೇಯ್ಸ್ ಸಂಸ್ಥೆಯ ಕಾರ್ಡನ್ನೇ ನೆಚ್ಚಿಕೊಂಡಿತ್ತು. ಅದೇ ಸಂಸ್ಥೆ 1979ರಲ್ಲಿ ಆಪಲ್ 2ಕ್ಕೆಂದು ಮೈಕ್ರೊಮೋಡೆಮ್ 2 ಎಂಬ ಕಾರ್ಡನ್ನು ಹೊರತಂದಿತು. 1981ರಲ್ಲಿ ಬಂದ ಅದರ ಸ್ಮಾರ್ಟ್‌ಮೋಡೆಮ್, ಗಣಕದ ಹೊರಗೆ ಪ್ರತ್ಯೇಕ ಡಬ್ಬಿಯಾಗಿ ಕೂತು, ಎ ಮತ್ತು ಟಿ ಎಂಬ ಎರಡು ಅಕ್ಷರಗಳಿಂದ ಆರಂಭವಾಗುವ ಆಜ್ಞೆಗಳನ್ನು ಪಾಲಿಸುತ್ತಿತ್ತು. ಈ ಆಜ್ಞಾವಳಿಯೇ ಮುಂದೆ ಬಹುತೇಕ ತಯಾರಕರು ಅನುಸರಿಸಿದ ಮಾದರಿಯಾಯಿತು. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿದ ಮೇಲೆ ಮನೆಮನೆಗೆ ಬಂದ ಮೋಡೆಮ್‌ಗಳೂ ಇದೇ ಆಜ್ಞೆಗಳಿಂದ ಕರೆ ಮಾಡುತ್ತಿದ್ದವು. ಹಳೆಯ ಕಾರ್ಡೊಂದು ಈ ಆಜ್ಞೆಗಳಿಗೆ ಓಗೊಡುತ್ತದೆಯೇ ಇಲ್ಲವೇ ಎಂಬುದು ಅದರ ಕಾಲವನ್ನು ಅಂದಾಜು ಮಾಡಲು ದೊರೆಯುವ ಒಂದು ಮುಖ್ಯ ಸುಳಿವು.

ಅಂಚಿನ ಸಂಪರ್ಕ

ಯಾವುದೇ ಕಾರ್ಡನ್ನು ಕೈಗೆತ್ತಿಕೊಂಡಾಗ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಅದು ಯಾವ ಗಣಕಕ್ಕೆ ಸೇರಿದ್ದು ಎಂಬುದು. ಇದಕ್ಕೆ ಉತ್ತರ ಹಲಗೆಯ ಕೆಳ ಅಂಚಿನಲ್ಲಿ, ಸ್ಲಾಟಿನೊಳಗೆ ಇಳಿಯುವ ಲೋಹದ ಪಟ್ಟಿಗಳಲ್ಲಿದೆ. ಆಪಲ್ 2ರ ಸ್ಲಾಟಿಗೆ ಒಂದೊಂದು ಬದಿಗೆ 25ರಂತೆ ಒಟ್ಟು 50 ಪಟ್ಟಿಗಳಿರುತ್ತವೆ. ಐಬಿಎಂ ಪಿಸಿಯ ಆರಂಭಿಕ ಸ್ಲಾಟಿನಲ್ಲಿ 62, ಎಸ್-100 ಗಣಕಗಳಲ್ಲಿ ಹೆಸರೇ ಹೇಳುವಂತೆ 100, ಕಮೊಡೋರ್ 64ರ ಬಳಕೆದಾರ ಪೋರ್ಟಿನಲ್ಲಿ 24 ಪಟ್ಟಿಗಳಿದ್ದು, ಎಣಿಕೆಯೊಂದರಿಂದಲೇ ಇವೆಲ್ಲ ಪರಿಗಣನೆಯಿಂದ ಹೊರಗುಳಿಯುತ್ತವೆ. ಅಟಾರಿಯ 8 ಬಿಟ್ ಗಣಕಗಳ ಮೋಡೆಮ್‌ಗಳು ತಂತಿಯ ಮೂಲಕ ಜೋಡಣೆಗೊಳ್ಳುವ ಹೊರಗಿನ ಡಬ್ಬಿಗಳಾದ್ದರಿಂದ ಇಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಆದರೆ 50 ಪಟ್ಟಿಗಳಿದ್ದ ಮಾತ್ರಕ್ಕೆ ಕಾರ್ಡು ಆಪಲ್ 2ರದೇ ಎಂದು ತೀರ್ಮಾನಿಸಲಾಗದು. ಜಪಾನಿನಲ್ಲಿ ಮತ್ತು ಯೂರೋಪಿನಲ್ಲಿ ಹರಡಿದ್ದ ಎಂಎಸ್‌ಎಕ್ಸ್ ಗಣಕಗಳ ಕಾರ್ಟ್ರಿಜ್‌ಗಳಿಗೂ 50 ಪಟ್ಟಿಗಳೇ ಇದ್ದು, ಪ್ಲಾಸ್ಟಿಕ್ ಕವಚ ಕಳಚಿಹೋದ ಅಂಥ ಹಲಗೆ ನೋಟಕ್ಕೆ ಆಪಲ್ ಕಾರ್ಡಿನಂತೆ ಕಾಣಬಹುದು. ಸಂಶಯ ಪರಿಹಾರಕ್ಕೆ ವಿದ್ಯುತ್ ಪೂರೈಕೆಯ ದಾರಿಯನ್ನು ಪರೀಕ್ಷಿಸಬೇಕು. ಆಪಲ್ 2ರಲ್ಲಿ 25ನೆಯ ಪಟ್ಟಿಗೆ 5 ವೋಲ್ಟ್, ಅದರ ಬೆನ್ನಿಗೇ ಮತ್ತೊಂದು ಬದಿಯಲ್ಲಿರುವ 26ನೆಯದಕ್ಕೆ ನೆಲ, 33ನೆಯದಕ್ಕೆ ಋಣ 12 ವೋಲ್ಟ್, 34ನೆಯದಕ್ಕೆ ಋಣ 5 ವೋಲ್ಟ್, 50ನೆಯದಕ್ಕೆ ಧನ 12 ವೋಲ್ಟ್ ನಿಗದಿಯಾಗಿವೆ. ಹಲಗೆಯ ಮೇಲಿನ 14 ಕಾಲಿನ ಸಾಮಾನ್ಯ ತರ್ಕ ಚಿಪ್ಪುಗಳು, ಅಂದರೆ 74 ಎಂಬ ಅಂಕಿಯಿಂದ ಆರಂಭವಾಗುವ ಹೆಸರಿನವು, ಹೆಚ್ಚಾಗಿ ತಮ್ಮ 14ನೆಯ ಕಾಲಿನಿಂದ 5 ವೋಲ್ಟ್ ಪಡೆದು 7ನೆಯ ಕಾಲನ್ನು ನೆಲಕ್ಕೆ ಸೇರಿಸುತ್ತವೆ. ಮಲ್ಟಿಮೀಟರಿನಲ್ಲಿ ನೋಡಿದಾಗ ಆ 14ನೆಯ ಕಾಲಿಗೂ ಅಂಚಿನ 25ನೆಯ ಪಟ್ಟಿಗೂ, 7ನೆಯ ಕಾಲಿಗೂ 26ನೆಯ ಪಟ್ಟಿಗೂ ನೇರ ಸಂಪರ್ಕ ಕಂಡುಬಂದರೆ ಕಾರ್ಡು ಆಪಲ್ ವಿನ್ಯಾಸದ್ದೆಂದು ಹೇಳಬಹುದು. ಈ ವಿನ್ಯಾಸದ ಸ್ಲಾಟುಗಳು ಫ್ರಾಂಕ್ಲಿನ್ ಏಸ್‌ನಂಥ ಅನುಕರಣ ಗಣಕಗಳಲ್ಲಿಯೂ ಇದ್ದುದರಿಂದ, ಅವುಗಳಲ್ಲಿ ಸಿಕ್ಕ ಕಾರ್ಡುಗಳನ್ನೂ ಇದೇ ಗುಂಪಿಗೆ ಸೇರಿಸಬೇಕಾಗುತ್ತದೆ.

ದೂರವಾಣಿ ಭಾಗ

ಕಾರ್ಡು ಆಪಲ್ 2ರದೆಂದು ಗೊತ್ತಾದ ಮೇಲೆ ಅದು ನಿಜಕ್ಕೂ ಮೋಡೆಮ್ ಹೌದೇ ಎಂಬುದನ್ನು ತಿಳಿಯಬೇಕು. ದೂರವಾಣಿ ತಂತಿಯ ವೋಲ್ಟೇಜು ಗಣಕದೊಳಕ್ಕೆ ನುಗ್ಗದಂತೆ ಎರಡನ್ನೂ ವಿದ್ಯುತ್ ಸಂಪರ್ಕವಿಲ್ಲದೆ ಬೇರ್ಪಡಿಸುವುದು ನಿಯಮದ ಅಗತ್ಯವಾದ್ದರಿಂದ, ನೇರ ಜೋಡಣೆಯ ಮೋಡೆಮ್‌ಗಳಲ್ಲಿ ಕೆಲವು ಭಾಗಗಳು ತಪ್ಪದೆ ಕಾಣುತ್ತವೆ: ಸ್ವರವನ್ನು ಮಾತ್ರ ದಾಟಿಸುವ ಚಿಕ್ಕ ಟ್ರಾನ್ಸ್‌ಫಾರ್ಮರು, ರಿಸೀವರ್ ಎತ್ತಿದ ಕೆಲಸವನ್ನು ಮಾಡುವ, ಟಕಟಕನೆ ತೆರೆದು ಮುಚ್ಚುತ್ತ ಹಳೆಯ ಡಯಲಿನಂತೆ ಸಂಖ್ಯೆಯನ್ನು ತಿರುಗಿಸಲೂ ಬಲ್ಲ ರಿಲೇ, ಗಂಟೆಯ ವೋಲ್ಟೇಜನ್ನು ಬೆಳಕಿನ ಮೂಲಕ ಗಣಕಕ್ಕೆ ತಿಳಿಸುವ ಆಪ್ಟೋಕಪ್ಲರ್, ಸಿಡಿಲಿನಂಥ ಆಘಾತವನ್ನು ಹೀರುವ, ಬಿಲ್ಲೆಯಾಕಾರದ ವ್ಯಾರಿಸ್ಟರ್, ಮತ್ತು ದೂರವಾಣಿಯ ಚೌಕ ಪಿನ್ನು ಸೇರುವ ಒಂದು ಅಥವಾ ಎರಡು ಜ್ಯಾಕುಗಳು.

ಮೋಡೆಮ್ ಎಂದು ತಪ್ಪಾಗಿ ಭಾವಿಸಲಾಗುವ ಕಾರ್ಡುಗಳಲ್ಲಿ ಸೀರಿಯಲ್ ಕಾರ್ಡುಗಳೇ ಮುಖ್ಯ. ಹೊರಗಿನ ಮೋಡೆಮ್ ಅಥವಾ ಪ್ರಿಂಟರನ್ನು ಜೋಡಿಸಲು ನೆರವಾಗುವ ಈ ಕಾರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರಾಗಲಿ ರಿಲೇಯಾಗಲಿ ಇರುವುದಿಲ್ಲ. ಅವುಗಳ ಬದಲು 1488 ಮತ್ತು 1489 ಎಂಬ ಜೋಡಿ ಚಿಪ್‌ಗಳಿದ್ದು, 25 ಕಾಲಿನ ಕನೆಕ್ಟರಿಗೆ ತಂತಿ ಹೊರಡುತ್ತದೆ. ಆಪಲ್ ಸಂಸ್ಥೆಯೇ ಮಾರಿದ ಸೂಪರ್ ಸೀರಿಯಲ್ ಕಾರ್ಡಿನ ಮೇಲೆ ತಿರುಗಿಸಿ ಕೂರಿಸಬಹುದಾದ ಒಂದು ಜಂಪರ್ ತುಂಡಿದ್ದು, ಅದರ ಬಾಣದ ಒಂದು ದಿಕ್ಕಿಗೆ ಟರ್ಮಿನಲ್ ಎಂದೂ ಮತ್ತೊಂದು ದಿಕ್ಕಿಗೆ ಮೋಡೆಮ್ ಎಂದೂ ಬರೆದಿರುವುದರಿಂದ ಈ ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಅಲ್ಲಿನ ಮೋಡೆಮ್ ಎಂಬ ಮಾತು ಕಾರ್ಡಿಗೆ ಜೋಡಿಸಬಹುದಾದ ಸಾಧನವನ್ನು ಸೂಚಿಸುತ್ತದೆಯೇ ಹೊರತು ಕಾರ್ಡನ್ನಲ್ಲ.

ಇದಕ್ಕೆ ವಿರುದ್ಧವಾದ ತಪ್ಪಿಗೂ ಅವಕಾಶವಿದೆ. ಹೇಯ್ಸ್ ಮೈಕ್ರೊಮೋಡೆಮ್ 2ರಲ್ಲಿ ದೂರವಾಣಿ ಭಾಗವು ಕಾರ್ಡಿನ ಮೇಲಿರದೆ, ಮೈಕ್ರೊಕಪ್ಲರ್ ಎಂಬ ಪ್ರತ್ಯೇಕ ಪುಟ್ಟ ಡಬ್ಬಿಯಲ್ಲಿತ್ತು. ಇವೆರಡನ್ನೂ ಪಟ್ಟಿಯಂಥ ಚಪ್ಪಟೆ ತಂತಿಯೊಂದು ಜೋಡಿಸುತ್ತಿತ್ತು. ಡಬ್ಬಿ ಕಳೆದುಹೋಗಿ ಕಾರ್ಡು ಮಾತ್ರ ಉಳಿದಾಗ ಟ್ರಾನ್ಸ್‌ಫಾರ್ಮರು, ರಿಲೇ, ಜ್ಯಾಕು ಯಾವುದೂ ಕಾಣದೆ, ಅದನ್ನು ಬೇರೇನೋ ಎಂದುಕೊಳ್ಳುವುದು ಸಹಜ. ಡಬ್ಬಿಯಿಲ್ಲದ ಇಂಥ ಕಾರ್ಡು ತಂತಿಯೊಡನೆ ಮಾತಾಡಲಾರದಾದ್ದರಿಂದ, ಜೋಡಿಯಾಗಿ ಉಳಿದುಬಂದ ಪ್ರತಿಗಳಿಗೆ ಸಂಗ್ರಹದಲ್ಲಿ ಹೆಚ್ಚಿನ ಮಹತ್ವವಿದೆ.

ಚಿಪ್‌ಗಳು, ಸ್ಫಟಿಕಗಳು ಮತ್ತು ವೇಗ

ಮೋಡೆಮಿನ ವೇಗವನ್ನು ಅದರೊಳಗಿನ ಚಿಪ್‌ಗಳು ಹೇಳುತ್ತವೆ. ಆರಂಭದ ಕಾರ್ಡುಗಳು ಬೆಲ್ 103 ಎಂಬ ಮಾನಕವನ್ನು ಅನುಸರಿಸಿ ಸೆಕೆಂಡಿಗೆ 300 ಬಿಟ್‌ಗಳನ್ನು ಕಳಿಸುತ್ತಿದ್ದವು. ಈ ಮಾನಕದಲ್ಲಿ ಕರೆ ಮಾಡಿದ ಬದಿಯು 1 ಎಂಬ ಬಿಟ್ಟಿಗೆ 1270 ಹರ್ಟ್ಸ್, 0 ಎಂಬುದಕ್ಕೆ 1070 ಹರ್ಟ್ಸ್ ಸ್ವರವನ್ನೂ, ಉತ್ತರಿಸುವ ಬದಿಯು ಕ್ರಮವಾಗಿ 2225 ಮತ್ತು 2025 ಹರ್ಟ್ಸ್ ಸ್ವರಗಳನ್ನೂ ಬಳಸುವುದರಿಂದ, ಒಂದೇ ಜೊತೆ ತಂತಿಯಲ್ಲಿ ಇಬ್ಬರೂ ಏಕಕಾಲದಲ್ಲಿ ಮಾತಾಡಬಹುದಾಗಿತ್ತು. ಸೆಕೆಂಡಿಗೆ 1200 ಬಿಟ್‌ಗಳ ಬೆಲ್ 212ಎ ಮಾನಕವು ಸ್ವರದ ಆವರ್ತಾಂಕಕ್ಕೆ ಬದಲಾಗಿ ವಾಹಕ ತರಂಗದ ಪ್ರಾವಸ್ಥೆಯನ್ನು, ಅಂದರೆ ಅಲೆಯ ಏರಿಳಿತದ ಸ್ಥಾನವನ್ನು, ಪಲ್ಲಟಿಸಿ ಪ್ರತಿ ಪಲ್ಲಟಕ್ಕೆ ಎರಡು ಬಿಟ್‌ಗಳನ್ನು ಸಾಗಿಸುತ್ತಿದ್ದು, ಅದಕ್ಕೆ ಹೆಚ್ಚು ಸಂಕೀರ್ಣವಾದ ಮಂಡಲ ಬೇಕಾಗುತ್ತಿತ್ತು. ಹೀಗಾಗಿ ಚಿಪ್‌ಗಳು ವಿರಳವಾಗಿರುವ ಹಲಗೆ ಸಾಮಾನ್ಯವಾಗಿ 300 ಬಿಟ್ ವೇಗದ್ದು.

ಆ ಕಾಲದ 300 ಬಿಟ್ ಮೋಡೆಮ್‌ಗಳಲ್ಲಿ ಮೊಟೊರೋಲ ಸಂಸ್ಥೆಯ ಎರಡು ಚಿಪ್‌ಗಳು ಜೊತೆಯಾಗಿ ಸಿಗುವುದುಂಟು. 24 ಕಾಲಿನ 6850, ಗಣಕದಿಂದ ಎಂಟೆಂಟು ಬಿಟ್‌ಗಳಾಗಿ ಬಂದ ದತ್ತವನ್ನು ಒಂದರ ಹಿಂದೊಂದು ಬಿಟ್ಟಾಗಿ ಸಾಲುಗೊಳಿಸುತ್ತದೆ; 16 ಕಾಲಿನ 14412, ಪಕ್ಕದಲ್ಲಿರುವ 1 ಮೆಗಾಹರ್ಟ್ಸ್ ಸ್ಫಟಿಕದ ಮಿಡಿತವನ್ನು ಆಧರಿಸಿ ಸ್ವರಗಳನ್ನು ಉಂಟುಮಾಡುತ್ತದೆ ಮತ್ತು ಗುರುತಿಸುತ್ತದೆ. ಇವುಗಳ ಸುತ್ತ ಬೇಡದ ಸ್ವರಗಳನ್ನು ಸೋಸುವ ಆಪರೇಷನಲ್ ಆಂಪ್ಲಿಫಯರ್‌ಗಳೂ ನಿಖರ ಬೆಲೆಯ ರೆಸಿಸ್ಟರ್‌ಗಳೂ ಗುಂಪಾಗಿರುತ್ತವೆ. ಸ್ವಲ್ಪ ಈಚಿನ ಹಲಗೆಗಳಲ್ಲಿ ಎಎಂಡಿ ಸಂಸ್ಥೆಯ 28 ಕಾಲಿನ 7910 ಕಾಣಿಸಿಕೊಳ್ಳಬಹುದು. ಅಮೆರಿಕದ ಬೆಲ್ ಮಾನಕಗಳ ಜೊತೆಗೆ ಯೂರೋಪು ಮುಂತಾದ ಕಡೆ ಬಳಕೆಯಲ್ಲಿದ್ದ ವಿ.21, ವಿ.23 ಮಾನಕಗಳೂ ಅದರಲ್ಲಿದ್ದವು. ವಿ.21ರ ಸ್ವರಗಳು ಬೆಲ್ 103ರ ಸ್ವರಗಳಿಗಿಂತ ಬೇರೆಯಾದ್ದರಿಂದ, ವೇಗ ಒಂದೇ ಆಗಿದ್ದರೂ ಎರಡು ಖಂಡಗಳ ಮೋಡೆಮ್‌ಗಳು ಪರಸ್ಪರ ಮಾತಾಡಲಾರವು. ಹಲಗೆಯ ಮೇಲೆ 40 ಕಾಲಿನ ಮೈಕ್ರೊಕಂಟ್ರೋಲರ್ ಇದ್ದರೆ ಆ ಕಾರ್ಡು ಗಣಕದ ನೆರವಿಲ್ಲದೆ ತಾನೇ ಆಜ್ಞೆಗಳನ್ನು ಅರ್ಥೈಸಿಕೊಳ್ಳುವ, ಸ್ಮಾರ್ಟ್‌ಮೋಡೆಮಿನ ನಂತರದ ಪೀಳಿಗೆಗೆ ಸೇರಿರುವ ಸಂಭವ ಹೆಚ್ಚು.

ಕಾಲನಿರ್ಣಯಕ್ಕೆ ಚಿಪ್‌ಗಳ ಬೆನ್ನಿನ ಮೇಲಿನ ನಾಲ್ಕಂಕಿಯ ದಿನಾಂಕ ಸಂಕೇತ ನೆರವಾಗುತ್ತದೆ. ಅದರ ಮೊದಲೆರಡು ಅಂಕಿಗಳು ವರ್ಷವನ್ನೂ ಕೊನೆಯೆರಡು ಅಂಕಿಗಳು ಆ ವರ್ಷದ ವಾರವನ್ನೂ ಸೂಚಿಸುತ್ತವೆ. 8142 ಎಂದರೆ 1981ರ 42ನೆಯ ವಾರ. ಆದರೆ 6850, 7406, 7474 ಮೊದಲಾದ ನಾಲ್ಕಂಕಿಗಳು ಚಿಪ್ಪಿನ ಹೆಸರುಗಳೇ ಆಗಿರುವುದರಿಂದ ಒಂದೇ ಚಿಪ್ಪನ್ನು ನೋಡಿ ವರ್ಷ ಹೇಳುವುದು ಅಪಾಯಕರ. ಬೆಸುಗೆ ಹಾಕಿದ ಎಲ್ಲ ಚಿಪ್‌ಗಳ ಸಂಕೇತಗಳನ್ನು ಬರೆದುಕೊಂಡರೆ ಅವುಗಳಲ್ಲಿ ಅತ್ಯಂತ ಈಚಿನದು, ಕಾರ್ಡು ಅದಕ್ಕೂ ಮೊದಲು ತಯಾರಾಗಿರಲಾರದು ಎಂಬ ಗಡಿಯನ್ನು ತೋರಿಸುತ್ತದೆ. ಸಾಕೆಟ್ಟಿನಲ್ಲಿ ಕೂರಿಸಿದ ಚಿಪ್‌ಗಳನ್ನು ನಂತರ ಬದಲಿಸಿರಬಹುದಾದ್ದರಿಂದ ಅವುಗಳ ಸಾಕ್ಷ್ಯಕ್ಕೆ ಕಡಿಮೆ ತೂಕ ಕೊಡಬೇಕು.

ನೋಂದಣಿ ಸಂಖ್ಯೆಗಳು

ದೂರವಾಣಿ ತಂತಿಗೆ ನೇರವಾಗಿ ಸೇರುವ ಪ್ರತಿಯೊಂದು ಉಪಕರಣದ ಮೇಲೂ 68ನೆಯ ಭಾಗದ ನೋಂದಣಿ ಸಂಖ್ಯೆಯನ್ನು ನಮೂದಿಸುವುದು ಅಮೆರಿಕದಲ್ಲಿ ಕಡ್ಡಾಯವಾಗಿತ್ತು. ಅಕ್ಷರಗಳೂ ಅಂಕಿಗಳೂ ಬೆರೆತ, ನಡುನಡುವೆ ಅಡ್ಡಗೆರೆಗಳಿರುವ ಈ ಸಂಖ್ಯೆಯ ಆರಂಭದ ಅಕ್ಷರಗಳು ನೋಂದಣಿ ಪಡೆದ ಸಂಸ್ಥೆಯನ್ನು ಸೂಚಿಸುತ್ತವೆ. ಕೊನೆಯ ಭಾಗದ ಅಕ್ಷರಗಳಿಂದ ಉಪಕರಣದ ಬಗೆ ತಿಳಿಯುತ್ತದೆ. ಅದರ ಪಕ್ಕದಲ್ಲಿ, ಗಂಟೆ ಬಾರಿಸಲು ಉಪಕರಣವು ತಂತಿಯಿಂದ ಎಷ್ಟು ಶಕ್ತಿಯನ್ನು ಎಳೆದುಕೊಳ್ಳುತ್ತದೆ ಎಂಬುದನ್ನು ತಿಳಿಸುವ, ಬಿ ಎಂಬ ಅಕ್ಷರದಿಂದ ಕೊನೆಗೊಳ್ಳುವ ಒಂದು ದಶಮಾಂಶ ಸಂಖ್ಯೆಯೂ ಇರುವುದು ವಾಡಿಕೆ. ಇಂಥ ಜೋಡಿ ಕಂಡರೆ ಹಲಗೆ ದೂರವಾಣಿಗೆ ಸಂಬಂಧಪಟ್ಟದ್ದೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ರೇಡಿಯೊ ತರಂಗಗಳ ಸೋರಿಕೆಯನ್ನು ನಿಯಂತ್ರಿಸುವ 15ನೆಯ ಭಾಗದ ಗುರುತು ಇದಕ್ಕಿಂತ ಬೇರೆ. ಅದು ಪ್ರಿಂಟರ್ ಕಾರ್ಡು, ಡಿಸ್ಕ್ ಕಾರ್ಡುಗಳಲ್ಲಿಯೂ ಇರಬಹುದಾದ್ದರಿಂದ ಮೋಡೆಮ್ ಎಂಬುದಕ್ಕೆ ಸಾಕ್ಷಿಯಾಗಲಾರದು. ಆದರೆ ತಯಾರಕರನ್ನು ಪತ್ತೆಮಾಡಲು ಅದೂ ಉಪಯುಕ್ತ. ಮೈಕ್ರೊಮೋಡೆಮ್ 2ರಂಥ ಎರಡು ತುಂಡಿನ ಮೋಡೆಮ್‌ಗಳಲ್ಲಿ ತಂತಿಗೆ ಸೇರುವುದು ಹೊರಗಿನ ಡಬ್ಬಿಯಾದ್ದರಿಂದ ದೂರವಾಣಿ ನೋಂದಣಿಯನ್ನು ಆ ಡಬ್ಬಿಯ ಮೇಲೆ ಹುಡುಕಬೇಕು.

ಪ್ರಮುಖ ಕಾರ್ಡುಗಳು

ಮೈಕ್ರೊಮೋಡೆಮ್ 2 ಸೆಕೆಂಡಿಗೆ 110 ಮತ್ತು 300 ಬಿಟ್ ವೇಗಗಳಲ್ಲಿ ಕೆಲಸ ಮಾಡುತ್ತಿತ್ತು. ಅದರ ಆಜ್ಞೆಗಳು ಕಂಟ್ರೋಲ್ ಕೀಲಿಯನ್ನೂ ಒಂದು ಅಕ್ಷರವನ್ನೂ ಒಟ್ಟಿಗೆ ಒತ್ತುವುದರಿಂದ ಆರಂಭವಾಗುತ್ತಿದ್ದು, ಸ್ಮಾರ್ಟ್‌ಮೋಡೆಮಿನ ಆಜ್ಞಾವಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮುಂದೆ ಬಂದ ಮೈಕ್ರೊಮೋಡೆಮ್ 2ಇ, ಹೊರಗಿನ ಡಬ್ಬಿಯನ್ನು ಕೈಬಿಟ್ಟು ದೂರವಾಣಿ ಭಾಗವನ್ನು ಕಾರ್ಡಿನ ಮೇಲೆಯೇ ತಂದುಕೊಂಡಿತು. ಹೆಸರುಗಳು ಹತ್ತಿರವಾಗಿದ್ದರೂ ಜ್ಯಾಕು ಎಲ್ಲಿದೆ ಎಂದು ನೋಡಿದರೆ ಎರಡನ್ನೂ ಸುಲಭವಾಗಿ ಬೇರ್ಪಡಿಸಬಹುದು.

ಕ್ಯಾಲಿಫೋರ್ನಿಯದ ನೊವೇಷನ್ ಸಂಸ್ಥೆಯ ಆಪಲ್-ಕ್ಯಾಟ್ 2 ಈ ಗುಂಪಿನ ಅತ್ಯಂತ ಸ್ವಾರಸ್ಯಕರ ಕಾರ್ಡು. 300 ಬಿಟ್‌ಗಳ ಸಾಮಾನ್ಯ ವೇಗದ ಜೊತೆಗೆ ಅದು ಬೆಲ್ 202 ಮಾನಕದ ಪ್ರಕಾರ ಸೆಕೆಂಡಿಗೆ 1200 ಬಿಟ್‌ಗಳನ್ನು, ಒಮ್ಮೆಗೆ ಒಂದೇ ದಿಕ್ಕಿನಲ್ಲಿ, ಕಳಿಸಬಲ್ಲದಾಗಿತ್ತು. ಎರಡೂ ತುದಿಗಳಲ್ಲಿ ಇದೇ ಕಾರ್ಡು ಇದ್ದವರು ಆ ಕಾಲಕ್ಕೆ ದುಬಾರಿಯಾಗಿದ್ದ 212ಎ ಮೋಡೆಮ್ ಕೊಳ್ಳದೆಯೇ ಕಡತಗಳನ್ನು ನಾಲ್ಕು ಪಟ್ಟು ಬೇಗ ವಿನಿಮಯ ಮಾಡಿಕೊಳ್ಳುತ್ತಿದ್ದರು. ಕ್ರಮವಿಧಿಯ ಮೂಲಕ ಬಗೆಬಗೆಯ ಸ್ವರಗಳನ್ನು ಉಂಟುಮಾಡುವ ಅದರ ಸಾಮರ್ಥ್ಯವು ಒತ್ತುಗುಂಡಿ ದೂರವಾಣಿಯ ಸ್ವರಗಳಿಂದ ಕರೆ ಮಾಡುವುದಕ್ಕೂ ಒದಗಿತು. ರಿಸೀವರ್, ಮನೆಯ ವಿದ್ಯುತ್ ಉಪಕರಣಗಳ ನಿಯಂತ್ರಣ ಮುಂತಾದವನ್ನು ಜೋಡಿಸಲು ಪ್ರತ್ಯೇಕ ವಿಸ್ತರಣ ಘಟಕವೂ ಮಾರಾಟಕ್ಕಿತ್ತು. ಇವಲ್ಲದೆ ಝೂಮ್ ಟೆಲಿಫೋನಿಕ್ಸ್‌ನ ನೆಟ್‌ವರ್ಕರ್, ಪ್ರೊಮಿಥಿಯಸ್‌ನ ಪ್ರೊಮೋಡೆಮ್ 1200ಎ, ಅಪ್ಲೈಡ್ ಎಂಜಿನಿಯರಿಂಗ್ ಸಂಸ್ಥೆಯ ಡೇಟಾಲಿಂಕ್ ಮೊದಲಾದವು ಬಳಕೆಗೆ ಬಂದವು.

ರೋಮ್‌ನಲ್ಲಿರುವ ಗುರುತು

ಆಪಲ್ 2ರ ವಿನ್ಯಾಸದಲ್ಲಿ ಪ್ರತಿ ಸ್ಲಾಟಿಗೂ 256 ಬೈಟ್‌ಗಳ ಸ್ಮೃತಿ ವಿಳಾಸ ಮೀಸಲಾಗಿದ್ದು, ಕಾರ್ಡಿನ ಮೇಲಿರುವ ರೋಮ್, ಅಂದರೆ ಅಳಿಯದ ಸ್ಮೃತಿಯ ಚಿಪ್, ಅಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಲಾಟಿನ ಸಂಖ್ಯೆಯನ್ನು 256ರಿಂದ ಗುಣಿಸಿ 49152ಕ್ಕೆ ಕೂಡಿಸಿದರೆ ಆ ಜಾಗದ ಆರಂಭ ದೊರೆಯುತ್ತದೆ. ಮೋಡೆಮ್‌ಗಳನ್ನು 2ನೆಯ ಸ್ಲಾಟಿನಲ್ಲಿಡುವುದು ರೂಢಿಯಾದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಆರಂಭದ ವಿಳಾಸ 49664 ಆಗುತ್ತದೆ. ಆಪಲ್‌ನ ಪಾಸ್ಕಲ್ 1.1 ವ್ಯವಸ್ಥೆಯೊಂದಿಗೆ ಬಂದ ಒಪ್ಪಂದದ ಪ್ರಕಾರ, ಬೇಸಿಕ್ ಭಾಷೆಯ ಪೀಕ್ ಆಜ್ಞೆಯಿಂದ ಓದಿದಾಗ 49669ರಲ್ಲಿ 56, 49671ರಲ್ಲಿ 24, 49675ರಲ್ಲಿ 1 ಇದ್ದರೆ ಕಾರ್ಡು ಆ ಒಪ್ಪಂದವನ್ನು ಪಾಲಿಸುತ್ತದೆ ಎಂದರ್ಥ. ಆಗ 49676ರಲ್ಲಿರುವ ಸಂಖ್ಯೆ ಅದರ ಬಗೆಯನ್ನು ಹೇಳುತ್ತದೆ. ಆ ಸಂಖ್ಯೆ 64ರಿಂದ 79ರ ಒಳಗಿದ್ದರೆ ಮೋಡೆಮ್, 48ರಿಂದ 63ರ ಒಳಗಿದ್ದರೆ ಸೀರಿಯಲ್ ಅಥವಾ ಪ್ಯಾರಲಲ್ ಕಾರ್ಡು. ಸೂಪರ್ ಸೀರಿಯಲ್ ಕಾರ್ಡಿನಲ್ಲಿ ಅಲ್ಲಿ 49 ಸಿಗುತ್ತದೆ.

ಮೈಕ್ರೊಮೋಡೆಮ್ 2ರಂತೆ ಈ ಒಪ್ಪಂದಕ್ಕಿಂತ ಹಿಂದಿನ ಕಾರ್ಡುಗಳೂ, ರೋಮ್ ಇಲ್ಲದೆ ಡಿಸ್ಕಿನ ಕ್ರಮವಿಧಿಯಿಂದಲೇ ನಡೆಯುವ ಕಾರ್ಡುಗಳೂ ಇರುವುದರಿಂದ ಗುರುತು ಇಲ್ಲದಿರುವುದು ಮೋಡೆಮ್ ಅಲ್ಲವೆಂಬುದಕ್ಕೆ ಪ್ರಮಾಣವಲ್ಲ. ರೋಮನ್ನು ಹೊರತೆಗೆದು ಪ್ರತಿ ಮಾಡಿಕೊಂಡವರು ಅದರೊಳಗಿನ ಅಕ್ಷರಗಳನ್ನು ಓದುವಾಗ ಮತ್ತೊಂದು ಅಂಶವನ್ನು ಗಮನಿಸಬೇಕು. ಆಪಲ್ 2 ತೆರೆಯ ಮೇಲಿನ ಅಕ್ಷರಗಳನ್ನು ಮೇಲಿನ ಬಿಟ್ಟನ್ನು 1 ಮಾಡಿ ಸಂಗ್ರಹಿಸುವುದರಿಂದ, ಸಾಮಾನ್ಯವಾಗಿ 65 ಆಗಿರುವ ಎ ಅಕ್ಷರವು ಅಲ್ಲಿ 193 ಆಗಿರುತ್ತದೆ. ಪ್ರತಿ ಬೈಟಿನಿಂದ 128 ಕಳೆಯದೆ ನೋಡಿದರೆ ತಯಾರಕರ ಹೆಸರು ಎದುರಿಗಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಪರೀಕ್ಷೆ ಮತ್ತು ಸಂರಕ್ಷಣೆ

ಗುರುತು ಖಚಿತವಾಗುವ ಮೊದಲು ಕಾರ್ಡನ್ನು ಗಣಕಕ್ಕೆ ಸೇರಿಸುವುದು ತರವಲ್ಲ. 25 ಮತ್ತು 26ನೆಯ ಪಟ್ಟಿಗಳ ನಡುವೆ ಷಾರ್ಟ್ ಆಗಿಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿಕೊಂಡು, ಗಣಕದ ವಿದ್ಯುತ್ತನ್ನು ಪೂರ್ತಿಯಾಗಿ ಆರಿಸಿದ ಬಳಿಕವೇ ಕಾರ್ಡನ್ನು ಹಾಕಬೇಕು ಮತ್ತು ತೆಗೆಯಬೇಕು. ತಂತಿಯ ಮೇಲೆ ಸಾಮಾನ್ಯವಾಗಿ 48 ವೋಲ್ಟ್ ಇದ್ದು, ಗಂಟೆ ಬಾರಿಸುವಾಗ ಅದು 90 ವೋಲ್ಟಿನ ಆಸುಪಾಸಿನ ಪರ್ಯಾಯ ವಿದ್ಯುತ್ತಾಗುವುದರಿಂದ, ತಂತಿಯನ್ನು ಗಣಕದಿಂದ ಬೇರ್ಪಡಿಸುವ, ದಶಕಗಳಷ್ಟು ಹಳೆಯ ಭಾಗಗಳನ್ನು ನಂಬಿ ಕಾರ್ಡನ್ನು ನಿಜವಾದ ದೂರವಾಣಿ ತಂತಿಗೆ ಜೋಡಿಸುವುದಕ್ಕಿಂತ ಪ್ರಯೋಗಾಲಯದ ತಂತಿ ಅನುಕರಣ ಸಾಧನವನ್ನು ಬಳಸುವುದು ಕ್ಷೇಮ. ಕಿಟಕಿಯಂಥ ಗಾಜಿರುವ ಇಪ್ರಾಮ್ ಚಿಪ್ಪಿನ ಮೇಲಿನ ಚೀಟಿಯನ್ನು ಕೀಳಬಾರದು; ಅತಿನೇರಳೆ ಬೆಳಕು ಒಳಗೆ ಹೋದರೆ ಅದರಲ್ಲಿರುವ ಕ್ರಮವಿಧಿ ಅಳಿದುಹೋಗುತ್ತದೆ, ಮತ್ತು ಆ ಚೀಟಿಯ ಮೇಲಿನ ಆವೃತ್ತಿ ಸಂಖ್ಯೆಯೇ ಒಂದು ಸಾಕ್ಷ್ಯ.

ಕೈಪಿಡಿಗಳೂ ಆ ಕಾಲದ ಬೈಟ್, ಸಾಫ್ಟಾಕ್ ಮುಂತಾದ ಪತ್ರಿಕೆಗಳ ಸಂಚಿಕೆಗಳೂ ಇಂದು ಡಿಜಿಟಲ್ ರೂಪದಲ್ಲಿ ದೊರೆಯುತ್ತವೆ. ಅವುಗಳಲ್ಲಿನ ಜಾಹೀರಾತುಗಳ ಚಿತ್ರಗಳನ್ನು ಹಲಗೆಯೊಂದಿಗೆ ಹೋಲಿಸಿ ನೋಡುವುದು ಕೊನೆಯ ಪರಿಶೀಲನೆಗೆ ಒಳ್ಳೆಯ ದಾರಿ. ಆದರೆ ಚಿತ್ರದ ಹೋಲಿಕೆ ಉಳಿದ ಸಾಕ್ಷ್ಯಗಳಿಗೆ ಪೂರಕವೇ ಹೊರತು ಬದಲಿಯಲ್ಲ. ಒಂದೇ ಹೆಸರಿನ ಕಾರ್ಡನ್ನು ತಯಾರಕರು ಹಲವು ಬಾರಿ ಪರಿಷ್ಕರಿಸುವುದುಂಟು. ಕಾರ್ಡನ್ನು ಗುರುತಿಸಿದವರು ಅದರ ಎರಡೂ ಬದಿಯ ಚಿತ್ರ, ಹಲಗೆಯ ಸಂಖ್ಯೆ, ಚಿಪ್‌ಗಳ ದಿನಾಂಕ ಸಂಕೇತಗಳು, ನೋಂದಣಿ ಸಂಖ್ಯೆ ಮತ್ತು ರೋಮಿನ ಪ್ರತಿಯನ್ನು ಒಟ್ಟಿಗೆ ದಾಖಲಿಸಿಡಬೇಕು. ತೀರ್ಮಾನವನ್ನು ಮಾತ್ರ ಬರೆದಿಟ್ಟರೆ ಮುಂದಿನವರು ಅದನ್ನು ನಂಬಬೇಕಾಗುತ್ತದೆ. ಸಾಕ್ಷ್ಯವನ್ನೂ ಬರೆದಿಟ್ಟರೆ ಅವರು ಅದನ್ನು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು.